ಅಮ್ಮ ಮೂಸುತ್ತಿದ್ದ ಕೈಗಳು

ಬೇರೆಯವರ ಮನೆಯ ಮಾತನ್ನು ಕೇಳಿಸಿಕೊಂಡು ಹೇಳುವುದು ತಪ್ಪೇ, ಕ್ಷಮಿಸಿ. ಆಸ್ಪತ್ರೆಯ ವಾರ್ಡಿನ ಹೊರಗೆ, ಕೈತೊಳೆಯುವ ನಲ್ಲಿಯ ಬಳಿ ಅಕ್ಕ ತಮ್ಮ ನಿಂತಿದ್ದರು. ಒಳಗಿದ್ದ ತಾಯಿಗೆ ಮೂಗಿನ ಪೈಪಿನಲ್ಲೇ ಊಟ; ತೂಗುಹಾಕಿದ ಚೀಲದಿಂದ ದ್ರವ ಆಹಾರ ಇಳಿಯುತ್ತಿತ್ತು.

"ಬೆಳಗ್ಗೆ ಚೀಲದಲ್ಲಿ ಉಳಿದಿದ್ದರ ಮೇಲೇ ಹೊಸದು ಸುರಿದ್ಯಂತಲ್ಲೋ? ನರ್ಸ್ ಬೈತಿದ್ರು."

"ಚೆಲ್ಲೋಕೆ ಮನಸ್ಸು ಬರಲಿಲ್ಲ ಕಣಕ್ಕ. ಅಮ್ಮಂಗೆ ಭೇದಿ ಆಗಿದ್ದು ಅದಕ್ಕೇನಾ?"

"ಇರಬಹುದು ಅಂದ್ರು. ಹಳೇ ಹಾಲಿಗೆ ಹೊಸ ಹಾಲು ಬೆರೆಸಿದ್ರೆ ಅಮ್ಮ ಏನ್ಮಾಡ್ತಿದ್ಲು, ಹೇಳು?"

"ಸೌಟಲ್ಲೇ ಎರಡು ಬಿಡ್ತಿದ್ಲು. ಊಟಕ್ಕೆ ಮೊದ್ಲು ಸೋಪು ಹಾಕಿ ತೊಳೆದಿದ್ದೀವಾ ಅಂತ ನಮ್ಮ ಕೈ ಮೂಸ್ತಿದ್ಲಲ್ಲ, ಪೊಲೀಸ್ ನಾಯಿ ಥರ!"

ಇಬ್ಬರೂ ನಕ್ಕರು. ತಮ್ಮನ ನಗು ಬೇಗ ನಿಂತಿತು.

"ಹೊಸ ಚೀಲ ತಂದಿದ್ದೀನಿ. ತಗೋ ಸೋಪು."

ಅವನು ಮೊಣಕೈವರೆಗೂ ತಿಕ್ಕಿ ತೊಳೆದು, ಕೈಗಳನ್ನು ಅಕ್ಕನ ಮೂಗಿನ ಮುಂದೆ ಚಾಚಿದ. ಅವಳು ಮೂಸಿದಳು.

"ಪಾಸು. ನಡಿ ಒಳಗೆ."

ಬಾಗಿಲು ಮುಚ್ಚಿಕೊಂಡಿತು. ಅವರಮ್ಮ ಚೇತರಿಸಿಕೊಂಡರೋ ಇಲ್ಲವೋ, ನನಗೆ ತಿಳಿಯದು.