ಮೊದಲ ಬಟ್ಟಲಿನ ವಿಭೂತಿ

ನಮ್ಮ ಸಣ್ಣ ಕೈಗಾರಿಕೆಗಳ ಸಂಘದ ಅಧ್ಯಕ್ಷರಾದ ನರಸಿಂಹಯ್ಯನವರೇ, ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಡಾಕ್ಟರ್ ಸ್ಫೂರ್ತಿ ಮೇಡಂ ಅವರೇ, ಹಿಂದಿನಿಂದ ಪಲಾವಿನ ವಾಸನೆ ಬರುತ್ತಿದ್ದರೂ ಎದ್ದುಹೋಗದ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ಗದಗಿನ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿಸಿ ಪೀಣ್ಯಕ್ಕೆ ಬಂದು ಫೈಬರ್ ಮಾಲಿನ ಶೆಡ್ಡು ಹಾಕಿದವನು ನಾನು. ಸನ್ಮಾನ ಪತ್ರದಲ್ಲಿ ‘ಸಮುದ್ರ ಸಂಶೋಧನೆಗೆ ಉಪಕರಣ ತಯಾರಿಸಿದ ಶ್ರೀ ಪಂಚಾಕ್ಷರಿ’ ಎಂದು ಓದಿದಿರಿ. ಸಂತೋಷ. ಆದರೆ ಆ ಉಪಕರಣಕ್ಕೆ ಇಬ್ಬರ ಕೈ ಹತ್ತಿದೆ, ಹೆಸರು ಮಾತ್ರ ಒಬ್ಬರದು. ಅದನ್ನು ಹೇಳದೆ ಈ ಹಾರ ಹಾಕಿಕೊಂಡು ಮನೆಗೆ ಹೋಗುವುದು ಹೇಗೆ?

ಉಪಕರಣ ಎಂದರೆ ದೊಡ್ಡದೇನಲ್ಲ, ಲಾಳಿಕೆ. ಸೀಮೆಎಣ್ಣೆ ಸುರಿಯುವ ಲಾಳಿಕೆಯೇ. ಒಳಗೆ ಒಬ್ಬ ಮನುಷ್ಯ ನಿಲ್ಲಬಹುದಾದಷ್ಟು ದೊಡ್ಡದು, ಫೈಬರಿನದು. ಅದನ್ನು ಕೇಳಿಕೊಂಡು ಸ್ಫೂರ್ತಿ ಮೇಡಂ ನಮ್ಮ ಶೆಡ್ಡಿಗೆ ಬಂದಾಗ ಡಾಕ್ಟರ್ ಆದ ಮೇಲಿನ ಓದು ಓದುತ್ತಿದ್ದರು. ಪೋಸ್ಟ್‌ಡಾಕ್ ಎನ್ನುತ್ತಾರಂತೆ. ನನ್ನ ಹೆಂಡತಿ ಚನ್ನಕ್ಕ ಅವರನ್ನು ಅಂಚೆ ಇಲಾಖೆಯವರು ಎಂದೇ ತಿಳಿದು ಚಹಾ ಕೊಟ್ಟಳು.

ಮೇಡಂ ಬಿಡಿಸಿ ಹೇಳಿದರು. ಸಮುದ್ರದ ಮೇಲುನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿವೆ. ಗಾಳಿಯಿಂದ ನೀರಿಗೆ ಸೇರಿದ ಇಂಗಾಲವೇ ಅವುಗಳ ಆಹಾರ. ಅವು ಸತ್ತಮೇಲೆ ಜರಡಿಯಿಂದ ಹಿಟ್ಟು ಉದುರಿದ ಹಾಗೆ ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ಆ ಇಂಗಾಲವೂ ಅವುಗಳ ಜೊತೆ ಆಳಕ್ಕೆ ಹೋಗುತ್ತದೆ. ಎಷ್ಟು ಇಳಿಯಿತು ಎಂದು ತಿಳಿಯಲು ಲಾಳಿಕೆಯನ್ನು ಆಳದಲ್ಲಿ ವರ್ಷವಿಡೀ ನಿಲ್ಲಿಸುತ್ತಾರೆ. ಅದರ ಕೆಳಗೆ ಬಟ್ಟಲುಗಳು ಒಂದಾದ ಮೇಲೊಂದು ತಾವಾಗಿಯೇ ಸರಿದು ಬಂದು, ಬಿದ್ದದ್ದನ್ನು ಹಿಡಿದುಕೊಳ್ಳುತ್ತವೆ.

ಚನ್ನಕ್ಕ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ರೀ ಮೇಡಂ, ಧೂಳು ಹಿಡಿಯಾಕ ಸಮುದ್ರಕ್ಕ ಯಾಕ ಹೋಗ್ತೀರಿ? ನಮ್ಮ ಶೆಡ್ಡಿನ್ಯಾಗ ಬೇಕಾದಷ್ಟು ಐತಿ,” ಎಂದಳು.

“ನಿಮ್ಮ ಧೂಳು ಒಳಗೆ ಹೋದ್ರೆ ನನ್ನ ಕಥೆ ಮುಗೀತು ಅಕ್ಕಾ! ಚೆನ್ನಾಗಿ ತೊಳೆದು ಪ್ಲಾಸ್ಟಿಕ್ ಸುತ್ತಿ ಕೊಡಿ. ನೀರಿಗೆ ಇಳಿಸೋವಾಗ್ಲೇ ಬಿಚ್ತೀವಿ.”

ತೊಳೆದೆವು, ಸುತ್ತಿದೆವು. ಆದರೆ ನಮ್ಮ ಶೆಡ್ಡಿನಿಂದ ಯಾವ ಮಾಲೂ ಬರಿ ಹಣೆಯಲ್ಲಿ ಹೋದದ್ದಿಲ್ಲ. ನೀರಿನ ತೊಟ್ಟಿಯಾಗಲಿ, ಬಸ್ಸಿನ ಸೀಟಾಗಲಿ, ಚನ್ನಕ್ಕ ಮೂರು ಬೆರಳಿನಲ್ಲಿ ವಿಭೂತಿ ಎಳೆದ ಮೇಲೆಯೇ ಟೆಂಪೋ ಹತ್ತುತ್ತಿತ್ತು. ಅಂದು ಟೆಂಪೋ ತಿರುವು ದಾಟಿದ ಮೇಲೆ ನಗುತ್ತಾ ಹೇಳಿದಳು: “ಹೊರಗ ಹಚ್ಚಿದ್ರ ಸಮುದ್ರ ತೊಳಕೊಂಡು ಹೋಗ್ತದ. ಅದಕ್ಕ ಪ್ಲಾಸ್ಟಿಕ್ ಸರಿಸಿ ಒಳಗ ಹಚ್ಚೀನಿ, ಕೊರಳಿಗೆ.”

ಅವಳು ಆ ಶೆಡ್ಡಿನಲ್ಲಿ ಮಾಡಿದ ಕೊನೆಯ ಕೆಲಸ ಅದು. ಮರುವಾರ ಜ್ವರವೆಂದು ಮಲಗಿದಳು. ಡೆಂಗ್ಯೂ ಎಂದರು. ಲಾಳಿಕೆ ಸಮುದ್ರಕ್ಕೆ ಇಳಿಯುವ ಮೊದಲೇ ಅವಳನ್ನು ಊರಿಗೆ ಒಯ್ದು ಮಣ್ಣು ಮಾಡಿ ಬಂದಿದ್ದೆ. ಇರಲಿ. ಇದು ಅದನ್ನೆಲ್ಲ ಹೇಳುವ ಸಭೆಯಲ್ಲ.

ಒಂದು ವರ್ಷ ಕಳೆದು ಮೇಡಂ ಫೋನ್ ಮಾಡಿದರು. “ಸಾರ್, ಮೊದಲ್ನೇ ಬಟ್ಟಲಲ್ಲಿ ಬೂದಿ ಥರ ಬಿಳಿ ಪುಡಿ ಇದೆ. ಸಮುದ್ರದ್ದಲ್ಲ. ಎಲ್ಲಾ ಬಟ್ಟಲಿಗೂ ಸೇರಿದ್ರೆ ನನ್ನ ವರ್ಷ ಪೂರ್ತಿ ಹೋಯ್ತು. ಏನಾದ್ರೂ ಬಳಿದಿದ್ರಾ?”

“ಅದು ಚನ್ನಕ್ಕ ಹಚ್ಚಿದ ವಿಭೂತಿರೀ.”

“ಅಯ್ಯೋ! ಅಕ್ಕನಿಗೆ ಫೋನ್ ಕೊಡಿ, ಸರಿಯಾಗಿ ಜಗಳ ಆಡ್ತೀನಿ ಇವತ್ತು.”

“ಅಕಿ ಇಲ್ರೀ.”

“ಬಂದ್ಮೇಲೆ ಮಾಡಿಸ್ತೀರಾ?”

ಏನು ಹೇಳಬೇಕಿತ್ತು ನಾನು, ಸಭಿಕರೇ? ಅವಳು ತೀರಿಹೋಗಿ ವರ್ಷವಾಯಿತು ಎಂದೆ.

ಮೇಡಂ ಮರುದಿನವೇ ಶೆಡ್ಡಿಗೆ ಬಂದರು. ಪರೀಕ್ಷೆಯೆಲ್ಲ ಮುಗಿದ ಮೇಲೆ ಮತ್ತೆ ಬಂದರು. ಪುಡಿ ಇದ್ದದ್ದು ಮೊದಲ ಬಟ್ಟಲಿನಲ್ಲಿ ಮಾತ್ರ, ಉಳಿದವು ಚೊಕ್ಕ. ಮೊದಲನೆಯದನ್ನು ಬಿಟ್ಟು ಪ್ರಬಂಧ ಬರೆಯಬಹುದಂತೆ. ಆದರೆ ಬಿಟ್ಟದ್ದು ಏಕೆ ಎಂದು ಕಾರಣ ಕೊಡಬೇಕು.

“ಏನಂತ ಬರೀತೀರಿ?”

“ಕಲ್ಮಶ ಸೇರಿತ್ತು ಅಂತ.”

ನಾನು ಜಗಳಗಂಟನಲ್ಲ, ನಿಮಗೆಲ್ಲ ಗೊತ್ತು. ಆದರೂ ಅಂದೆ: “ನಿಮ್ಮ ಲೆಕ್ಕದಾಗಿಂದ ತೆಗೀರಿ, ಬ್ಯಾಡ ಅನ್ನಂಗಿಲ್ಲ. ಅದನ್ನ ಕಲ್ಮಶ ಅಂತ ಮಾತ್ರ ಬರೀಬ್ಯಾಡ್ರಿ. ಚೊಲೋ ಆಗ್ಲಿ ಅಂತ ಹಚ್ಚಿದ್ದು ಅಕಿ.”

“ನಮ್ಮ ವಿಜ್ಞಾನದಲ್ಲಿ ಅದಕ್ಕಿರೋದು ಅದೊಂದೇ ಪದ ಸಾರ್,” ಎಂದರು. ಮಾತು ಕೊಡಲಿಲ್ಲ. ಚಹಾ ಅರ್ಧ ಬಿಟ್ಟು ಹೋದರು.

ಹೊರದೇಶದ ಪತ್ರಿಕೆಯಲ್ಲಿ ಆ ಪ್ರಬಂಧ ಈಗ ಅಚ್ಚಾಗಿದೆ. ಅಚ್ಚಿಗೆ ಮೊದಲು ಅದನ್ನು ಪರೀಕ್ಷಿಸಿದ ವಿದ್ವಾಂಸರೊಬ್ಬರು, ‘ಈ ವಿಭೂತಿ ಎನ್ನುವುದು ಯಾವ ಜಾತಿಯ ಜೀವಿ? ಯಾವ ಆಳದಲ್ಲಿ ವಾಸಿಸುತ್ತದೆ?’ ಎಂದು ಕೇಳಿದರಂತೆ. ನಗಬಹುದು, ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಆ ಪದ ತೆಗೆಯಿರಿ ಎಂದು ಎರಡು ಸಲ ಬರೆದರಂತೆ. ಮೇಡಂ ತೆಗೆಯಲಿಲ್ಲ.

ಈ ಬೆಳಿಗ್ಗೆ ಆ ಹಾಳೆ ನನ್ನ ಕೈಗೆ ಕೊಟ್ಟು, ಮೊದಲ ಬಟ್ಟಲು ಬಿಟ್ಟ ಕಾರಣ ಬರೆದ ಕಡೆ ಬೆರಳಿಟ್ಟು ತೋರಿಸಿದರು. ಹಾಳೆ ಪೂರ್ತಿ ಇಂಗ್ಲಿಷು. ಅಕ್ಷರ ಕೂಡಿಸಿಕೊಂಡು ನಾನು ಓದಿದ್ದು ಆ ಒಂದೇ ಪದ. ಅದು ನಮ್ಮದೇ ಪದ.

ಮೇಡಂ, ನಿಮಗೆ ಕೈಮುಗಿಯುತ್ತೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರಿಗೂ ಚನ್ನಕ್ಕನ ಪರವಾಗಿಯೂ ನನ್ನ ಪರವಾಗಿಯೂ ನಮಸ್ಕಾರ.