ಕೊರಳಾಗಿನ ಹಲಗಿ

ನಗಬ್ಯಾಡ್ರಿ. ಕವಿತಾ ನಮ್ಮ ಕಾಕಾನ ಮಗಳು, ಸುಳ್ಳು ಹೇಳಾಕಿ ಅಲ್ಲ.

ಶಹಾಪುರದ ಹೊರಗ ಒಂದು ಫಾದರ್‌ಗಳ ಹೈಸ್ಕೂಲ್. ಅಲ್ಲೇ ಕಲಿತು ಅಲ್ಲೇ ಟೀಚರ್ ಆಗ್ಯಾಳ. ಹೋದ ವರ್ಷ ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸ್ ಮುಗಿಸಿ, ಹೊತ್ತು ಮುಳುಗಿದ ಮ್ಯಾಲೆ ಹೊಂಟಿದ್ಲು. ಗೇಟಿನ ದಾರಿ ಹಳೇ ಬಾವಿ ಮಗ್ಗಲದಾಗ...

ಆ ಬಾವಿ ಸುದ್ದಿ ಮೊದಲು ಕೇಳ್ರಿ. ಸಾಲಿ ಭಾರಿ ಸಾಲಿ, ಕೂಲಿಯವರ ಮಕ್ಕಳನ್ನ ಡಾಕ್ಟರ್ ಮಾಡ್ಯಾರ. ಆದ್ರ ಕವಿತಾ ಕಲಿಯೂಮುಂದ ಅಲ್ಲಿ ಒಂದು ಕಾಯ್ದೆ ಇತ್ತು. ಕನ್ನಡ ಮಾತಾಡಿದವರ ಕೊರಳಿಗಿ ಕಟ್ಟಿಗಿ ಹಲಗಿ. ಕನ್ನಡ ಮಾತಾಡಿದ ಇನ್ನೊಬ್ಬರ ಹೆಸರ ಹೇಳಿದ್ರ ಹಲಗಿ ಅವರಿಗಿ ದಾಟ್ತಿತ್ತು. ಸಂಜಿ ಗಂಟಿ ಹೊಡಿಯೂಮುಂದ ಯಾರ ಕೊರಳಾಗ ಇರ್ತದೋ, ಅವರಿಗಿ ಡ್ರಿಲ್ ಮಾಸ್ತರನ ಬೆತ್ತದ ಹನ್ನೆರಡು ಏಟು. ಹಾಸ್ಟೆಲಿನ ಜೈಭೀಮ ಅನ್ನೋ ಹುಡುಗ ಯಾರ ಹೆಸರೂ ಹೇಳ್ತಿದ್ದಿಲ್ಲ. ದಿನಾ ಬಡಿಸಿಕೊಂಡ. ಒಂದಿನ ರಕ್ತದ ಕೈ ತೊಳಿಲಾಕ ಬಾವಿಗಿ ಇಳಿದಾಂವ... ಮ್ಯಾಲೆ ಬರಲಿಲ್ಲ. ಆ ದಿನ ತಾ ಪಾರಾಗಲಾಕ ಅವನ ಹೆಸರ ಹೇಳಿದಾಕಿ ಕವಿತಾ. ಆಗ ಒಂಬತ್ತನೇ ಕ್ಲಾಸಿನಾಗ ಇದ್ಲು.

ಬಾವಿ ದಾಟೂದರಾಗ ಹಿಂದ ಸಪ್ಪಳ. ಟಕ್... ಟಕ್... ಕಟ್ಟಿಗಿ ಅಂಗಿ ಗುಂಡಿಗಿ ಬಡದಂಗ.

"ಯಾರದು?" ಅಂದ್ಲು.

"ಕನ್ನಡ ಮಾತಾಡಿದ್ರಿ, ಮಿಸ್..."

ಹಲಗಿ ಕಟ್ಟಿದ ಹಸಿ ಹಗ್ಗ ಕೊರಳಿಗಿ ಬಿತ್ತು. ಕೈ ತಾವಾಗೇ ಮುಂದ ಚಾಚಿದುವು. ಸುಂಯ್... ಚಟ್! ಅಂಗೈ ಸೀಳಿತು. ಬೆತ್ತ ಕಾಣವಲ್ದು, ಹೊಡಿಯಾಂವ ಕಾಣವಲ್ಲ. ಸುಂಯ್... ಚಟ್! ನಾಕನೇದಕ್ಕ ಬೆರಳಿನ ಎಲುಬು ಲಟ್ ಅಂತು.

ಕಿವ್ಯಾಗ ಪಿಸುಮಾತು. "ಇನ್ನೊಬ್ಬರ ಹೆಸರ ಹೇಳ್ರಿ... ಬಿಡ್ತಾರ."

ಅಷ್ಟರಾಗ ಗೇಟಿನ ಹಂತ್ಯಾಕ ಅಕಿ ಕ್ಲಾಸಿನ ಮಲ್ಲೇಶ್ವರಿ ಒದರಿದಳು. "ಮಿಸ್, ಆಟೋ ಬಂತ್ರಿ!" ಕನ್ನಡದಾಗ.

ಹುಡುಗಿ ಹೆಸರು ನಾಲಿಗಿ ತುದಿಗಿ ಬಂದಿತ್ತಂತ. ಕವಿತಾ ಹಲ್ಲು ಕಚ್ಚಿದಳು. ನಾಲಿಗಿ ಹರಿದು ಬಾಯ್ತುಂಬ ರಕ್ತ... ಹೇಳಲಿಲ್ಲ. ಹನ್ನೆರಡೂ ತಿಂದಳು. ನಾನಾಗಿದ್ರ, ಖರೇ ಹೇಳ್ತೀನಿ, ಎರಡನೇದಕ್ಕ ನಮ್ಮಪ್ಪನ ಹೆಸರೂ ಹೇಳ್ತಿದ್ದೆ.

ಹಗ್ಗ ಸಡಲಾತು. "ಮಿಸ್... ಈಗ ನಾ ಮನಿಗಿ ಹೋಗ್ಲ್ಯಾ?"

"ಹೋಗಪಾ," ಅಂದ್ಲು, ಆ ಹರಕ ನಾಲಿಗಿಲೇ.

ಮರುದಿನ ಯಾದಗಿರಿ ದವಾಖಾನ್ಯಾಗ ಐದು ಬೆರಳಿಗಿ ಪಟ್ಟಿ ಹಾಕಿದ್ರು. "ಜೈಭೀಮನ ಅವ್ವನ್ನ ನೋಡಿ ಬಾ" ಅಂತ ನನ್ನ ಕಳಿಸಿದ್ಲು. ನಾ ಬಾಯಿ ಬಿಡೂಕಿಂತ ಮೊದಲೇ ಅವನ ಅವ್ವ ದೇವಕಮ್ಮ ಕೇಳಿದ್ಲು. "ರಾತ್ರಿ ನೀ ಏನರ ಬಂದಿದ್ದೇನಪಾ? ಬಾಗಲಾ ಹಾಕಿದಂಗೇ ಅದ, ಬುಟ್ಟ್ಯಾಗಿನ ಮೂರು ರೊಟ್ಟಿ ಇಲ್ಲ."

ಒಳಗ ನೋಡಿದೆ. ಹಾಸ್ಟೆಲ್ ಹುಡುಗರು ಇಡ್ತಾರಲ್ಲ, ಹಂಗ ತಾಟು ತೊಳೆದು ಗ್ವಾಡಿ ಬಾಜೂ ಬೋರಲ ಹಾಕಿತ್ತು. ಇನ್ನಾ ಹಸಿ ಇತ್ರಿ. ಈ ಕೈಲೇ ಮುಟ್ಟೀನಿ.