ಅಂಬಿಗನಿಗೆ ಸಿಕ್ಕ ತೀರ್ಪು

ನೋಡಿ ತಾಯಂದಿರೇ, ಹೊಳೆ ದಂಡೆಯ ಮೇಲೊಂದು ಊರು. ಆ ಊರಲ್ಲೊಬ್ಬ ಅಂಬಿಗ. ದುರ್ಗಪ್ಪ ಅಂತ ಇಟ್ಕೊಳ್ಳಿ. ಮುಂಜಾನೆ ಹೊಳೆ ತುಂಬ ಮಂಜು. ನೀರು ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರುವಾಯ್ತು, ತಿಳಿಯದು. ಅದರೊಳಗೆ ಇವನ ದೋಣಿ ಸದ್ದಿಲ್ಲದೆ ತೇಲೋದು. ಕೂತವರಿಗೆ ನಿದ್ದೆಯಲ್ಲೇ ಆಚೆ ದಡ ಸೇರಿದ ಹಾಗೆ. ಅಂಥ ಕೈ ಅವನದು.

ಆ ಕೈಗೆ ಬಾಟಲಿ ಅಂಟಿತು. ಮೊದಲು ಚಳಿಗೆ ಅಂತ, ಆಮೇಲೆ ದಣಿವಿಗೆ ಅಂತ, ಆಮೇಲೆ ಕಾರಣವೇ ಬೇಕಾಗಲಿಲ್ಲ. ಒಂದು ದಿನ ಕುಡಿದೇ ದೋಣಿ ಬಿಟ್ಟ. ನಡುಹೊಳೆಯ ಬಂಡೆಗೆ ಬಡಿಯಿತು. ಬಳೆ ಮಾರುವ ಮುದುಕಿಯೊಬ್ಬಳ ತೋಳು ಮುರಿಯಿತು.

ಪೊಲೀಸರು ಹಿಡಿದರು. ಆದರೆ ಅಲ್ಲಿನ ನ್ಯಾಯಾಲಯ ಬೇರೆ ಥರದ್ದು. ಕುಡಿತದ ಚಟದಿಂದ ತಪ್ಪು ಮಾಡಿದವನು ಒಪ್ಪಿಕೊಂಡರೆ, ಜೈಲಿಗೆ ಕಳಿಸುವ ಮೊದಲು ಚಟ ಬಿಡಿಸಲು ನೋಡೋರು. ಅಲ್ಲಿ ನ್ಯಾಯಾಧೀಶರು ಒಬ್ಬ ಹೆಣ್ಣುಮಗಳು. ದೋಣಿ ಮುಟ್ಟಬೇಡ, ಚಿಕಿತ್ಸೆ ತಗೋ, ದುಡಿದು ಆ ಮುದುಕಿಯನ್ನ ನೋಡ್ಕೋ, ವಾರಕ್ಕೊಮ್ಮೆ ನನ್ನೆದುರು ಬಂದು ನಿಲ್ಲು, ಸುಳ್ಳು ಹೇಳಿದರೆ ಮಾತ್ರ ಜೈಲು ಅಂದರು.

ಹೋದ. ವಾರ ವಾರ ಹೋದ. ಅವರು ಕೇಳೋರು, ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ ಅಂತ. ಅವನನ್ನ ಹಾಗೆ ಕೇಳಿದವರು ಅಲ್ಲಿತನಕ ಯಾರಿದ್ದರು? ನಾವು ಯಾರನ್ನಾದರೂ ಹಾಗೆ ಕೇಳಿದ್ದೀವಾ?

ಒಂದು ವಾರ ಜಾರಿದ. ತಾನೇ ಬಂದು ನಿಂತು, "ಅಮ್ಮಾ, ಕುಡಿದುಬಿಟ್ಟೆ" ಅಂದ. ಸುಳ್ಳು ಹೇಳಲಿಲ್ಲವಲ್ಲ, ಅವರು ಜೈಲಿಗೆ ಕಳಿಸಲಿಲ್ಲ. "ಮತ್ತೆ ಆಸ್ಪತ್ರೆಗೆ ಹೋಗು. ಬರೋ ವಾರ ಬಾ" ಅಂದರು. ಅವತ್ತು ಅವನು ಅಳುತ್ತಾ ಮನೆಗೆ ಹೋದ.

ಇಂಥ ನ್ಯಾಯಾಲಯದಿಂದ ಉಪಯೋಗ ಇದೆಯಾ, ಮುಚ್ಚಿಬಿಡೋದಾ ಅಂತ ನೋಡಲು ಒಬ್ಬ ಅಧಿಕಾರಿ ಬಂದ. ದುರ್ಗಪ್ಪನ ಮನೆಗೂ ಹೋದ. ಚಿಕಿತ್ಸೆ ಶುರುವಾದ ಮೇಲೆ ಕುಡಿದಿದ್ದಾನಾ ಅಂತ ಹೆಂಡತಿ ಗಂಗವ್ವನನ್ನ ಕೇಳಿದ. ಹೌದು ಅಂದಳು. ಹಾಗಾದರೆ ನ್ಯಾಯಾಲಯ ಸೋತಂತೆ ಅಂತ ಎದ್ದು ನಿಂತ.

"ಕೂತ್ಕೊಳ್ಳಿ ಸಾಹೇಬ್ರೇ," ಅಂದಳು ಗಂಗವ್ವ. "ಮೊದಲು ಇವರ ಹೆಜ್ಜೆ ಸಪ್ಪಳ ಕೇಳಿದರೆ ನನ್ನ ಮಕ್ಕಳು ಹಿತ್ತಲ ಬಾಗಿಲಿಂದ ಓಡೋರು. ಈಗ ಅದೇ ಸಪ್ಪಳ ಕೇಳಿ ಹೊಸ್ತಿಲಿಗೆ ಬರ್ತಾರೆ. ಇದನ್ನ ನೀವು ಸೋಲು ಅಂತೀರಾ?"

ಅಧಿಕಾರಿ ಏನೂ ತೀರ್ಮಾನ ಬರೆಯದೆ, ಇನ್ನೊಮ್ಮೆ ಬರ್ತೀನಿ ಅಂತ ಹೊರಟ.

ಕೆಲವು ತಿಂಗಳಾದ ಮೇಲೆ ದುರ್ಗಪ್ಪನಿಗೆ ದೋಣಿ ಬಿಡಲು ಅನುಮತಿ ಸಿಕ್ಕಿತು. ಮುಂಜಾನೆ ದಡದಲ್ಲಿ ದೋಣಿ ಹಿಡಿದು ನಿಂತ. ಜನ ಬಂದರು, ಅವನ ಮುಖ ನೋಡಿದರು, ದೂರದ ಸೇತುವೆ ದಾರಿ ಹಿಡಿದರು. ಬಳೆಯ ಮುದುಕಿಯೂ ಹತ್ತಲಿಲ್ಲ. ಅವಳಿಗೆ ನೀರಿನ ಭಯ ಇನ್ನೂ ಹೋಗಿರಲಿಲ್ಲ. ಅದು ತಪ್ಪು ಅನ್ನೋಕಾಗುತ್ತಾ? ಆ ಅಧಿಕಾರಿ ಮತ್ತೆ ವಿಚಾರಿಸಲು ಅವತ್ತೇ ಬಂದಿದ್ದ. ಸ್ವಲ್ಪ ಆಚೆ ನಿಂತು ಇದನ್ನೆಲ್ಲ ನೋಡಿದ. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದ, ದೋಣಿ ಹತ್ತಿ ಕೂತ. ದುರ್ಗಪ್ಪ ಹುಟ್ಟು ಹಾಕಿದ. ಬೆಳ್ಳಗಿನ ಮಂಜಿನೊಳಗೆ ಇಬ್ಬರೂ ತೇಲಿಹೋದರು. ಆಚೆ ದಡ ಮುಟ್ಟಿದ ಅಧಿಕಾರಿ, ಈ ನ್ಯಾಯಾಲಯ ನಡೀಲಿ ಅಂತ ಮೇಲಿನವರಿಗೆ ತಿಳಿಸಿದ.

ಈಗ ಹೇಳಿ, ನೀವಾಗಿದ್ದರೆ ಹತ್ತುತ್ತಿದ್ದಿರಾ?

ಕುಡಿದು ಬಂದವನ ಹೊಡೆತ ಸಹಿಸಿಕೊಂಡಿರಿ ಅಂತ ನಾನು ಹೇಳ್ತಿಲ್ಲ ತಾಯಂದಿರೇ. ತಪ್ಪಿಗೆ ಹೊಣೆ ಇರಲೇಬೇಕು. ಆದರೆ ಕುಡಿತ ಬಿಟ್ಟವನ ಕೈಗೆ ಮದುವೆ ಮನೆಯಲ್ಲಿ "ಇವತ್ತೊಂದಿನ" ಅಂತ ಗ್ಲಾಸ್ ಕೊಡೋರು ಯಾರು? ನಾವೇ. ಜಾರಿದ ದಿನ ನಕ್ಕು ಊರಿಗೆಲ್ಲ ಸಾರೋರು ಯಾರು? ಅದೂ ನಾವೇ. ಇವತ್ತಿಂದ ಅದನ್ನ ನಿಲ್ಲಿಸಿ. ಜಾರಿದವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸುಧಾರಿಸಿ ಬಂದವನಿಗೆ ಕೆಲಸ ಕೊಡಿ. ನಾಳೆ ಅಂಥವನೊಬ್ಬ ತಲೆ ತಗ್ಗಿಸಿ ನಿಮ್ಮ ಮನೆ ಮುಂದೆ ಹೋಗ್ತಾನೆ. ಹೆಸರು ಹಿಡಿದು ಕರೀರಿ, ಜಗುಲಿ ಮೇಲೆ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಊಟ ಆಯ್ತಾ ಅಂತ ಕೇಳಿ. ಅಷ್ಟೂ ಆಗದಿದ್ದರೆ, ಈ ಗುಡಿಗೆ ಬಂದು ದೇವರಿಗೆ ಕೈ ಮುಗಿದು ಏನು ಬಂತು?